ಬಿಸಿನೀರಿನ ವ್ಯವಸ್ಥೆಗೆ ಒಟ್ಟು ಎಷ್ಟು ಖರ್ಚಾಗುತ್ತದೆ? ಕೊಳ್ಳುವ ಮುಂಚೆ ನೀವೇ ಲೆಕ್ಕ ಹಾಕುವ ಬಗೆ

ಗೀಸರ್ ಮನೆಗೆ ಬಂದ ದಿನ ನನ್ನ ಖರ್ಚಿನ ಪುಸ್ತಕದಲ್ಲಿ ಅದಕ್ಕಾಗಿ ಒಂದೇ ಸಾಲು ಇತ್ತು. ತಿಂಗಳು ತುಂಬುವಷ್ಟರಲ್ಲಿ ಅದರ ಕೆಳಗೆ ಇನ್ನೂ ಏಳು ಸಾಲು ಸೇರಿಕೊಂಡವು: ಫಿಟ್ಟಿಂಗ್ ಕೂಲಿ, ಹೊಸ ವೈರು, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಬಿಸಿನೀರಿನ ಪೈಪು, ಗೋಡೆ ಕೊರೆದದ್ದು, ಒಡೆದ ಟೈಲ್ಸ್ ಬದಲಿಸಿದ್ದು, ಕೊನೆಗೆ ನೀರಿನ ಒತ್ತಡ ಸಾಲದೆಂದು ಕೂರಿಸಿದ ಸಣ್ಣ ಪಂಪು. ಈ ಏಳನ್ನೂ ಕೂಡಿಸಿದಾಗ ಗೀಸರಿನ ಬೆಲೆಯನ್ನೇ ದಾಟಿತ್ತು. ಅಂಗಡಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಲೀಟರಿನದು ಬೇಕು ಮೇಡಂ?" ಅಂತ. ನಲ್ಲಿ ಎಷ್ಟು ದೂರ, ಗೋಡೆ ಎಂಥದ್ದು, ಆ ಕೋಣೆಗೆ ಬಂದಿರುವ ವೈರು ಎಷ್ಟು ದಪ್ಪ, ಬೆಳಗಿನ ಒಂದು ಗಂಟೆಯಲ್ಲಿ ಎಷ್ಟು ಜನ ಸ್ನಾನ ಮಾಡುತ್ತೀರಿ, ಇದನ್ನು ಯಾರೂ ಕೇಳಲಿಲ್ಲ. ನನಗೂ ಕೇಳಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಆ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕಿತ್ತೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತವೆ. ನೀರು ಕಾಯುವ ಲೆಕ್ಕ ಮಾತ್ರ ಎಲ್ಲೆಡೆಯೂ ಒಂದೇ. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ನಿಮ್ಮಲ್ಲಿನ ದರವನ್ನು ಅದಕ್ಕೆ ಗುಣಿಸಿಕೊಂಡರಾಯಿತು.

ಮೊದಲು ಒಂದು ಬಕೆಟ್ಟು, ಒಂದು ಗಡಿಯಾರ

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಅಳತೆ ಗೊತ್ತಿರುವ ಬಕೆಟ್ಟನ್ನು ಶವರಿನ ಕೆಳಗಿಡಿ. ನೀವು ದಿನಾ ಎಷ್ಟು ಜೋರಾಗಿ ಬಿಡುತ್ತೀರೋ ಅಷ್ಟೇ ಬಿಡಿ. ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. 10 ಲೀಟರಿನ ಬಕೆಟ್ಟು 75 ಸೆಕೆಂಡಿನಲ್ಲಿ ತುಂಬಿದರೆ ನಿಮ್ಮ ಶವರು ನಿಮಿಷಕ್ಕೆ 8 ಲೀಟರ್ ಸುರಿಸುತ್ತಿದೆ ಎಂದರ್ಥ. ಸ್ನಾನ 5 ನಿಮಿಷದ್ದಾದರೆ 40 ಲೀಟರ್. ಬಕೆಟ್ಟಿನಲ್ಲೇ ಸ್ನಾನ ಮಾಡುವವರಿಗೆ ಇಷ್ಟೂ ಕಷ್ಟವಿಲ್ಲ, ಬಕೆಟ್ಟು ಎಣಿಸಿದರೆ ಸಾಕು.

ಮನೆಯ ಒಬ್ಬೊಬ್ಬರದ್ದೂ ಹೀಗೆ ಬರೆದುಕೊಳ್ಳಿ. ಪಾತ್ರೆ ತೊಳೆಯಲು, ಬಟ್ಟೆಗೆ ಬಿಸಿನೀರು ಬೇಕಿದ್ದರೆ ಅದನ್ನೂ ಸೇರಿಸಿ. ಆಮೇಲೆ ಇನ್ನೊಂದು ಅಂಕಿ ಬರೆಯಿರಿ, ಬೆನ್ನು ಬೆನ್ನಿಗೆ ಎಷ್ಟು ಸ್ನಾನ ನಡೆಯುತ್ತದೆ ಅನ್ನುವುದು. ದಿನದ ಒಟ್ಟು ಲೀಟರು ನಿಮ್ಮ ತಿಂಗಳ ಬಿಲ್ಲನ್ನು ನಿರ್ಧರಿಸುತ್ತದೆ, ಒಂದು ಗಂಟೆಯ ಲೀಟರು ಯಂತ್ರದ ಗಾತ್ರವನ್ನು ನಿರ್ಧರಿಸುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಬೇಕಾದ್ದಕ್ಕಿಂತ ದೊಡ್ಡ ಟ್ಯಾಂಕು ಮನೆಗೆ ಬರುವುದು.

ಬಕೆಟ್ಟಿನ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲೀಟರ್ ಬಂದರೆ, ಬೇರೇನನ್ನೂ ಕೊಳ್ಳುವ ಮುಂಚೆ ಕಡಿಮೆ ನೀರು ಬಿಡುವ ಶವರ್ ತಲೆ ಹಾಕಿಸಿ. 12 ಇದ್ದದ್ದು 7ಕ್ಕೆ ಇಳಿದರೆ ಟ್ಯಾಂಕಿನ ಗಾತ್ರ, ಕಾಯುವ ಹೊತ್ತು, ಬಿಲ್ಲು ಮೂರೂ ಒಟ್ಟಿಗೆ ಇಳಿಯುತ್ತವೆ. ಇಡೀ ವ್ಯವಸ್ಥೆಯಲ್ಲಿ ಹಾಕಿದ ದುಡ್ಡು ಬೇಗ ವಾಪಸ್ ಬರುವುದು ಇಲ್ಲೇ.

ಲೀಟರನ್ನು ಯೂನಿಟ್ಟಿಗೆ ತಿರುಗಿಸುವುದು

1 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು 1.163 ವ್ಯಾಟ್-ಅವರ್ ಶಕ್ತಿ ಬೇಕು. ನೆನಪಿಡಬೇಕಾದ ಅಂಕಿ ಇದೊಂದೇ. ಲೀಟರನ್ನು, ಏರಬೇಕಾದ ಡಿಗ್ರಿಯನ್ನು, ಈ ಅಂಕಿಯನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ.

ನಾಲ್ಕು ಜನರ ಮನೆ, ತಲೆಗೆ 40 ಲೀಟರ್, ಒಟ್ಟು 160 ಲೀಟರ್ ಎಂದಿಟ್ಟುಕೊಳ್ಳಿ. ನಲ್ಲಿಯ ನೀರು 20 ಡಿಗ್ರಿ, ಮೈಗೆ ಹಿತವಾದ ನೀರು 40 ಡಿಗ್ರಿ. 160ಕ್ಕೆ 20, ಅದಕ್ಕೆ 1.163 ಗುಣಿಸಿದರೆ ದಿನಕ್ಕೆ 3.7 ಯೂನಿಟ್. ವರ್ಷಕ್ಕೆ 1,350, ಹತ್ತು ವರ್ಷಕ್ಕೆ 13,500. ಟ್ಯಾಂಕಿನಲ್ಲಿ ಕಾದ ನೀರು ಸುಮ್ಮನೆ ನಿಂತು ತಣಿಯುವುದಕ್ಕೆ ದಿನಕ್ಕೆ 1 ಯೂನಿಟ್ ಹೋದರೂ ಹತ್ತು ವರ್ಷದ ಲೆಕ್ಕ 17,000 ಯೂನಿಟ್ ದಾಟುತ್ತದೆ. ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ ದರದಿಂದ ಇದನ್ನು ಗುಣಿಸಿ, ಪಕ್ಕದಲ್ಲಿ ಗೀಸರಿನ ಬೆಲೆ ಬರೆದು ನೋಡಿ. ನಾನು ಬರೆದು ನೋಡಿದ ದಿನ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಉಳಿಸಿದ ಹಣ ಎಷ್ಟು ಚಿಕ್ಕದು ಅನ್ನುವುದು ಕಣ್ಣಿಗೆ ಕಂಡಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 3 ಕಿಲೋವ್ಯಾಟಿನ ಗೀಸರ್ ಹೆಚ್ಚು ಕರೆಂಟ್ ತಿನ್ನುತ್ತದೆ, 2 ಕಿಲೋವ್ಯಾಟಿನದು ಕಡಿಮೆ ತಿನ್ನುತ್ತದೆ ಎಂದು ಬಹಳ ಜನ ನಂಬಿದ್ದಾರೆ. 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಎರಡಕ್ಕೂ ಬೇಕಾಗುವುದು 1.16 ಯೂನಿಟ್ಟೇ. 2 ಕಿಲೋವ್ಯಾಟಿನದು 35 ನಿಮಿಷ ತೆಗೆದುಕೊಳ್ಳುತ್ತದೆ, 3 ಕಿಲೋವ್ಯಾಟಿನದು 23 ನಿಮಿಷ. ವ್ಯತ್ಯಾಸ ಬರುವುದು ವೈರಿನ ದಪ್ಪದಲ್ಲಿ, ಮತ್ತು ಮನೆಯ ಒಟ್ಟು ಲೋಡಿನಲ್ಲಿ.

"ಗೀಸರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಜಾಸ್ತಿ ಖರ್ಚು, ಇಡೀ ದಿನ ಆನ್ ಇಟ್ಟರೇ ಕಡಿಮೆ" ಅನ್ನುವುದೂ ಹಾಗೆಯೇ. ನೀರು ಎಷ್ಟು ಬಿಸಿಯಾಗಿ, ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಶಾಖ ಹೊರಗೆ ಸೋರುತ್ತದೆ. ಬೇಡದ ಹೊತ್ತಲ್ಲಿ ಆಫ್ ಮಾಡಿದರೆ ಉಳಿತಾಯವೇ. ಟ್ಯಾಂಕಿನ ಹೊದಿಕೆ ಚೆನ್ನಾಗಿದ್ದರೆ ಉಳಿತಾಯ ಸಣ್ಣದು, ಹೊದಿಕೆ ತೆಳುವಾಗಿದ್ದರೆ ದೊಡ್ಡದು.

ಯಾವ ಬಗೆಯದು?

ಟ್ಯಾಂಕಿನ ಗೀಸರ್. ಹೆಚ್ಚಿನ ಮನೆಗಳಿಗೆ ಮೊದಲ ಖರ್ಚು ಕಡಿಮೆ ಇರುವುದು ಇದಕ್ಕೇ. 60 ಡಿಗ್ರಿಯ ನೀರಿಗೆ ಅಷ್ಟೇ ಪ್ರಮಾಣದ 20 ಡಿಗ್ರಿಯ ನೀರು ಬೆರೆತರೆ 40 ಡಿಗ್ರಿ ಆಗುತ್ತದೆ. ಹಾಗಾಗಿ 40 ಲೀಟರಿನ ಒಂದು ಸ್ನಾನಕ್ಕೆ ಟ್ಯಾಂಕಿನಿಂದ ಹೋಗುವುದು 20 ಲೀಟರ್ ಮಾತ್ರ. 25 ಲೀಟರಿನ ಟ್ಯಾಂಕು ಒಬ್ಬರಿಗೆ ಸಾಕು; ಮುಂದಿನವರು ಅರ್ಧ ಗಂಟೆ ಕಾಯಬಹುದಾದರೆ ನಾಲ್ವರಿಗೂ ಸಾಕು. ಕಾಯಲಾಗದಿದ್ದರೆ 50 ಲೀಟರ್ ನೋಡಿ. ನಿಮ್ಮಲ್ಲಿ ನಲ್ಲಿ ನೀರು 10 ಡಿಗ್ರಿಗೆ ಇಳಿಯುವ ಚಳಿ ಇದ್ದರೆ ಅದೇ ಸ್ನಾನಕ್ಕೆ 24 ಲೀಟರ್ ಬಿಸಿನೀರು ಬೇಕಾಗುತ್ತದೆ, ಅದನ್ನೂ ಗಮನಿಸಿ.

ಕರೆಂಟಿನ ಇನ್‌ಸ್ಟಂಟ್ ಗೀಸರ್ ನೋಡಲು ಪುಟ್ಟದು, ಬೆಲೆಯೂ ಕಡಿಮೆ. ಆದರೆ 3 ಕಿಲೋವ್ಯಾಟಿನದು ನೀರನ್ನು 20 ಡಿಗ್ರಿ ಏರಿಸುತ್ತಾ ಕೊಡುವುದು ನಿಮಿಷಕ್ಕೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು. ಕೈ ತೊಳೆಯುವ ಸಿಂಕಿಗೆ ಅದು ಹೇಳಿ ಮಾಡಿಸಿದಂತಿದೆ, ಶವರಿಗೆ ಸಾಲದು. ನಿಮಿಷಕ್ಕೆ 8 ಲೀಟರಿನ ಶವರಿಗೆ 11 ಕಿಲೋವ್ಯಾಟ್ ಬೇಕು. 230 ವೋಲ್ಟಿನಲ್ಲಿ ಅದು 50 ಆಂಪಿಯರಿಗೆ ಹತ್ತಿರ. ಅಷ್ಟನ್ನು ಹೊರುವ ವೈರಿಂಗ್ ಎಳೆಸುವ ಖರ್ಚು ಯಂತ್ರದ ಬೆಲೆಯನ್ನು ಸಣ್ಣದು ಮಾಡಿಬಿಡುತ್ತದೆ, ಮನೆಗೆ ಮಂಜೂರಾದ ಲೋಡನ್ನೇ ಹೆಚ್ಚಿಸಬೇಕಾಗಿ ಬರಬಹುದು.

ಗ್ಯಾಸಿನ ಗೀಸರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ‘ಗೀಸರ್’ ಅನ್ನುವ ಮಾತು ಐಸ್‌ಲ್ಯಾಂಡಿನ ಚಿಮ್ಮುವ ಬಿಸಿನೀರಿನ ಬುಗ್ಗೆಯ ಹೆಸರಿನಿಂದ ಬಂದದ್ದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ತನ್ನ ಗ್ಯಾಸ್ ಯಂತ್ರಕ್ಕೆ ಆ ಹೆಸರಿಟ್ಟ. ಆ ಯಂತ್ರಕ್ಕೆ ಹೊಗೆ ಹೊರಗೆ ಹೋಗುವ ಕೊಳವೆಯೇ ಇರಲಿಲ್ಲ. ಒಂದೂವರೆ ಶತಮಾನ ಕಳೆದರೂ ಕೊಳವೆಯಿಲ್ಲದ ಗ್ಯಾಸ್ ಗೀಸರುಗಳನ್ನು ಮುಚ್ಚಿದ ಸ್ನಾನದ ಮನೆಯೊಳಗೆ ಹಾಕುವವರು ಇದ್ದಾರೆ. ಗಾಳಿ ಸಾಲದೆ ಗ್ಯಾಸು ಅರ್ಧಂಬರ್ಧ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿರುವವರಿಗೆ ತಲೆ ಸುತ್ತಿದಂತಾಗಿ ಕಾಲು ಸೋಲುತ್ತದೆ, ಚಿಲಕ ತೆಗೆಯಲೂ ತ್ರಾಣವಿರುವುದಿಲ್ಲ. ದಯವಿಟ್ಟು ಇದರಲ್ಲಿ ಒಂದು ಪೈಸೆಯೂ ಉಳಿಸಬೇಡಿ. ಯಂತ್ರವನ್ನು ಹೊರಗೋಡೆಗೆ ಅಥವಾ ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಇಲ್ಲವಾದರೆ ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವ ಮಾದರಿ ತೆಗೆದುಕೊಳ್ಳಿ. ಹೊಗೆ ಕೊಳವೆ, ಗೋಡೆಯಲ್ಲಿ ಅದಕ್ಕೆ ತೂತು, ಗ್ಯಾಸ್ ಪೈಪು, ಸೋರಿಕೆ ಪರೀಕ್ಷೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಇವೆಲ್ಲ ಸೇರಿದ ಮೇಲೆ ಬರುವುದೇ ಗ್ಯಾಸ್ ಗೀಸರಿನ ಬೆಲೆ. ಈ ಕೆಲಸಕ್ಕೆ ಪರವಾನಗಿ ಇರುವವರನ್ನೇ ಕರೆಸಿ.

ಖರ್ಚಿಗೆ ಬಂದರೆ, ಮೇಲೆ ಹೇಳಿದ 160 ಲೀಟರಿನ ಮನೆಗೆ ಯಂತ್ರ ನೂರಕ್ಕೆ 80ರಷ್ಟು ಶಾಖವನ್ನು ನೀರಿಗೆ ದಾಟಿಸುತ್ತದೆ ಎಂದುಕೊಂಡರೆ ದಿನಕ್ಕೆ ಸುಮಾರು 360 ಗ್ರಾಂ ಎಲ್‌ಪಿಜಿ ಬೇಕು. ಸಿಲಿಂಡರಿನ ತೂಕವನ್ನು ಇದರಿಂದ ಭಾಗಿಸಿದರೆ ಎಷ್ಟು ದಿನ ಬರುತ್ತದೆಂದು ತಿಳಿಯುತ್ತದೆ. ಟ್ಯಾಂಕು ಇಲ್ಲದ್ದರಿಂದ ನಿಂತು ತಣಿಯುವ ನಷ್ಟ ಇದಕ್ಕಿಲ್ಲ. ಆದರೆ ನೀರಿನ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಬರ್ನರ್ ಹೊತ್ತಿಕೊಳ್ಳುವುದೇ ಇಲ್ಲ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ತಾರಸಿಯ ಟ್ಯಾಂಕು ನಿಮ್ಮ ಶವರಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.3 ಬಾರ್. ಯಂತ್ರದ ಪೆಟ್ಟಿಗೆಯ ಮೇಲಿನ ಕನಿಷ್ಠ ಒತ್ತಡದ ಅಂಕಿಯನ್ನು ಇದರ ಜೊತೆ ಇಟ್ಟು ನೋಡಿದ್ದರೆ ನನ್ನ ಪಟ್ಟಿಯಲ್ಲಿನ ಆ ಪಂಪು ಅಚ್ಚರಿಯಾಗಿ ಬರುತ್ತಿರಲಿಲ್ಲ. ಟ್ಯಾಂಕಿನ ಗೀಸರಿಗೂ ಶವರು ಜೋರಾಗಿ ಬೇಕೆಂದರೆ ಇದೇ ಲೆಕ್ಕ.

ಸೋಲಾರ್ ಇಟ್ಟರೆ ಬಿಸಿಲಿರುವ ದಿನ ಬಿಲ್ಲಿಲ್ಲ. ಒಳ್ಳೆಯ ಬಿಸಿಲಿನ ದಿನ ಪ್ರತಿ ಚದರ ಮೀಟರಿಗೆ 5 ಯೂನಿಟ್ಟಿನಷ್ಟು ಶಕ್ತಿ ಬೀಳುತ್ತದೆ, ಅದರಲ್ಲಿ ಅರ್ಧ ನೀರಿಗೆ ಸೇರಿದರೂ 2 ಚದರ ಮೀಟರಿನ ಫಲಕದಿಂದ ದಿನಕ್ಕೆ 5 ಯೂನಿಟ್. 100 ಲೀಟರನ್ನು 60 ಡಿಗ್ರಿಗೆ ಏರಿಸಲು ಅಷ್ಟು ಸಾಕು. ಸೋಲಾರಿನ ಅಡಗಿದ ಖರ್ಚು ತಾರಸಿಯಲ್ಲಿದೆ. ಪಂಪಿಲ್ಲದ ಮಾದರಿಯಲ್ಲಿ ಬಿಸಿನೀರಿನ ಟ್ಯಾಂಕು ಫಲಕಕ್ಕಿಂತ ಮೇಲಿರಬೇಕು, ತಣ್ಣೀರಿನ ಟ್ಯಾಂಕು ಅದಕ್ಕಿಂತಲೂ ಮೇಲಿರಬೇಕು. ಈಗಿರುವ ತಣ್ಣೀರಿನ ಟ್ಯಾಂಕು ತಾರಸಿಯ ನೆಲದ ಮೇಲೇ ಕೂತಿದ್ದರೆ ಅದಕ್ಕೊಂದು ಎತ್ತರದ ಕಟ್ಟೆಯೋ ಕಬ್ಬಿಣದ ಸ್ಟ್ಯಾಂಡೋ ಮಾಡಿಸಬೇಕು. ತಾರಸಿಯಿಂದ ಸ್ನಾನದ ಮನೆಯವರೆಗಿನ ಉದ್ದ ಪೈಪು, ಅದರ ಹೊದಿಕೆ, ಮೋಡದ ದಿನಕ್ಕೆ ಒಳಗೊಂದು ಹೀಟಿಂಗ್ ಕಾಯಿಲ್, ಫಲಕ ತೊಳೆಯಲು ಹತ್ತುವ ದಾರಿ, ಇಷ್ಟನ್ನೂ ಕೊಟೇಶನ್ನಿನಲ್ಲಿ ಕೇಳಿ. ನೀರು ಗಡುಸಾಗಿದ್ದರೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಹೆಪ್ಪುಗಟ್ಟುವ ಚಳಿಯ ಜಾಗದಲ್ಲಿ ಕೊಳವೆ ಒಡೆಯದಂತೆ ಬೇರೆಯೇ ದ್ರವ ಹರಿಯುವ ಮಾದರಿ ಬೇಕು, ಅದು ದುಬಾರಿ.

ಹೀಟ್ ಪಂಪು ಫ್ರಿಜ್ಜನ್ನು ತಿರುಗಿಸಿ ಇಟ್ಟಂತೆ: ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಹಾಕುತ್ತದೆ. 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ಟಿನ ಶಾಖ ಸಿಗುತ್ತದೆ, ಗಾಳಿ ತಣ್ಣಗಿದ್ದಷ್ಟೂ ಕಡಿಮೆ. ಬೆಲೆ ಹೆಚ್ಚು, ಜಾಗ ಬೇಕು, ಸದ್ದಿದೆ, ಗಾಳಿಯ ತೇವ ನೀರಾಗಿ ಇಳಿಯುವುದರಿಂದ ಅದಕ್ಕೊಂದು ಕೊಳವೆ ಬೇಕು. ಬಿಸಿನೀರಿನ ಬಳಕೆ ಹೆಚ್ಚಿರುವ ಮನೆಗೆ ನಾನು ಮೊದಲು ಇದರ ಲೆಕ್ಕವನ್ನೇ ನೋಡಿ ಎನ್ನುತ್ತೇನೆ.

ಟ್ಯಾಂಕು ಎಲ್ಲಿ ಕೂರಬೇಕು

ಪೈಪಿನ ಉದ್ದ ನೀವು ಒಮ್ಮೆ ಕೊಟ್ಟು ಮರೆಯುವ ಖರ್ಚು ಎಂದುಕೊಳ್ಳಬೇಡಿ. ಒಳಗಿನ ವ್ಯಾಸ 15 ಮಿಲಿಮೀಟರ್ ಇರುವ ಪೈಪು 10 ಮೀಟರ್ ಉದ್ದವಿದ್ದರೆ ಅದರಲ್ಲಿ 1.77 ಲೀಟರ್ ನೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಅದೇ ತಣ್ಣೀರು. ನಿಮಿಷಕ್ಕೆ 4 ಲೀಟರಿನ ನಲ್ಲಿಯಾದರೆ 26 ಸೆಕೆಂಡು ಕೈಯೊಡ್ಡಿ ಕಾಯಬೇಕು. ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಪೈಪಿನೊಳಗೆ ಸಿಕ್ಕಿಕೊಂಡು ತಣಿಯುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ 17 ಲೀಟರಿಗೂ ಹೆಚ್ಚು ನೀರು ಚರಂಡಿಗೆ, ಜೊತೆಗೆ 0.8 ಯೂನಿಟ್. ಹತ್ತು ವರ್ಷಕ್ಕೆ ಹತ್ತಿರ ಹತ್ತಿರ 3,000 ಯೂನಿಟ್. ನಮ್ಮ ಮನೆಯಲ್ಲಿ ಗೋಡೆ ಖಾಲಿಯಿದೆ ಅನ್ನುವ ಒಂದೇ ಕಾರಣಕ್ಕೆ ಟ್ಯಾಂಕನ್ನು ಸ್ನಾನದ ಮನೆಯಿಂದ ದೂರ ಹಾಕಿಸಿದ್ದೆವು. ಈಗಲೂ ನಮ್ಮ ಅತ್ತೆ ಸ್ನಾನಕ್ಕೆ ಮುಂಚೆ ಆ ತಣ್ಣೀರನ್ನು ಚೊಂಬಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಾರೆ.

ಹೆಚ್ಚು ಬಿಸಿನೀರು ಬಳಸುವ ನಲ್ಲಿಗೆ ಟ್ಯಾಂಕು ಹತ್ತಿರವಿರಲಿ. ಅಡುಗೆಮನೆ ತೀರಾ ದೂರವಾದರೆ ಉದ್ದ ಪೈಪು ಎಳೆಸುವ ಬದಲು ಅಲ್ಲಿಗೆ 3 ಲೀಟರಿನ ಪುಟ್ಟ ಗೀಸರ್ ಹಾಕಿಸುವುದೇ ಅಗ್ಗ. ತಣ್ಣೀರಿಗೆ ಬಳಸುವ ಮಾಮೂಲಿ ಪಿವಿಸಿ ಪೈಪನ್ನು ಬಿಸಿನೀರಿಗೆ ಹಾಕಬೇಡಿ, ಅದು ಮೆತ್ತಗಾಗಿ ಬಾಗುತ್ತದೆ, ಜಾಯಿಂಟು ಬಿಡುತ್ತದೆ. ಬಿಸಿ ತಡೆಯುವ ಸಿಪಿವಿಸಿ, ಪಿಪಿಆರ್ ಪ್ಲಾಸ್ಟಿಕ್ ಪೈಪು ಅಥವಾ ತಾಮ್ರ ಇರಲಿ. ತಾಮ್ರವನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ನೇರವಾಗಿ ಜೋಡಿಸಿದರೆ ಆ ಜಾಗದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೈಪಿಗೆ ಹೊದಿಕೆ ಹಾಕಿಸುವುದು ಗೋಡೆ ಮುಚ್ಚುವ ಮುಂಚೆ ಸಣ್ಣ ಕೆಲಸ, ಆಮೇಲೆ ಆಗದ ಕೆಲಸ.

ಗೋಡೆಯನ್ನೂ ತಟ್ಟಿ ನೋಡಿ. 25 ಲೀಟರಿನ ಗೀಸರು ತುಂಬಿದಾಗ ನೀರೇ 25 ಕಿಲೋ, ಮೇಲೆ ಟ್ಯಾಂಕಿನ ತೂಕ. ಟೊಳ್ಳು ಇಟ್ಟಿಗೆಯ ಗೋಡೆಗೆ ಮಾಮೂಲಿ ಬೋಲ್ಟು ಹಿಡಿಯುವುದಿಲ್ಲ, ಬೇರೆ ಆಂಕರ್ ಬೇಕು. 100 ಲೀಟರಿನದ್ದನ್ನು ಗೋಡೆಗೆ ನೇತುಹಾಕುವ ಮುಂಚೆ ಆ ಗೋಡೆ ಭಾರ ಹೊರುವುದೇ ಎಂದು ತಿಳಿದವರನ್ನು ಕೇಳಿ.

ಕರೆಂಟಿನ ಕೆಲಸ

230 ವೋಲ್ಟಿನಲ್ಲಿ 2 ಕಿಲೋವ್ಯಾಟಿಗೆ 8.7 ಆಂಪಿಯರ್, 3 ಕಿಲೋವ್ಯಾಟಿಗೆ 13. ಅರ್ಧ ಗಂಟೆ, ಮುಕ್ಕಾಲು ಗಂಟೆ ನಿರಂತರವಾಗಿ ಹರಿಯುವ ಕರೆಂಟು ಇದು. ಬೇರೆ ಪಾಯಿಂಟುಗಳ ಜೊತೆ ಹಂಚಿಕೊಳ್ಳದ ಸ್ವಂತ ಲೈನು, ಅದಕ್ಕೆ ತಕ್ಕ ಎಂಸಿಬಿ, ಗಟ್ಟಿ ಅರ್ಥಿಂಗು, 30 ಮಿಲಿಆಂಪಿಯರ್ ಕರೆಂಟು ಸೋರಿದರೆ ಟ್ರಿಪ್ ಆಗಿ ಶಾಕ್ ತಪ್ಪಿಸುವ ಆರ್‌ಸಿಸಿಬಿ, ಇವು ನಾಲ್ಕೂ ಬೇಕು. ಹಳೆಯ ಪ್ಲಗ್ಗು ಇದ್ದರೆ ತೆಗೆದು ನೋಡಿ: ಪಿನ್ನಿನ ಬುಡದಲ್ಲಿ ಕಂದು ಬಣ್ಣ, ಪ್ಲಾಸ್ಟಿಕ್ಕು ಸ್ವಲ್ಪ ಉಬ್ಬಿದ್ದು, ಸುಟ್ಟ ವಾಸನೆ ಕಂಡರೆ ಅಲ್ಲಿ ಸಡಿಲವಿದೆ, ಇಷ್ಟು ದಿನ ಕಾದಿದೆ. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಗೀಸರ್ ಓಡಿಸುವುದಂತೂ ಬೇಡವೇ ಬೇಡ.

ತೊಟ್ಟಿಕ್ಕುವ ವಾಲ್ವು

ಗೀಸರ್ ಹಾಕಿಸಿ ಎರಡು ದಿನಕ್ಕೆ ಅದರ ಕೆಳಗಿನ ಹಿತ್ತಾಳೆಯ ವಾಲ್ವಿನಿಂದ ಹನಿ ಹನಿ ನೀರು ಬೀಳತೊಡಗಿತು. ಟೈಲ್ಸ್ ಮೇಲೆ ಒಂದೇ ಜಾಗಕ್ಕೆ ಬಿದ್ದು ಬಿಳಿ ಮಚ್ಚೆ ಕಟ್ಟುತ್ತಿತ್ತು. ಫಿಟ್ಟಿಂಗಿಗೆ ಬಂದಿದ್ದ ಹುಡುಗನನ್ನೇ ಮತ್ತೆ ಕರೆಸಿದೆ. ನೋಡಿದವನು, "ಒಂದು ಡಮ್ಮಿ ಹಾಕ್ಬಿಡ್ತೀನಿ ಮೇಡಂ, ನಿಂತೋಗತ್ತೆ" ಅಂದ. ನಾನು ಹೂಂ ಅನ್ನುವಷ್ಟರಲ್ಲಿ ನಮ್ಮ ಮಾವ ಒಳಗಿನಿಂದ ಬಂದರು. ಅವರು ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಅದನ್ನ ಮುಚ್ಚಬೇಡಪ್ಪಾ, ಅದು ಉಸಿರಾಡೋ ಮೂಗು" ಅಂದರು.

20 ಡಿಗ್ರಿಯ ನೀರು 60 ಡಿಗ್ರಿಗೆ ಕಾಯುವಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಹಿಗ್ಗುತ್ತದೆ. 25 ಲೀಟರಿನ ಟ್ಯಾಂಕಿನಲ್ಲಿ ಅದು ಸುಮಾರು 380 ಮಿಲಿಲೀಟರ್. ತಣ್ಣೀರಿನ ದಾರಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ನಾನ್‌ರಿಟರ್ನ್ ವಾಲ್ವ್ ಇರುವುದರಿಂದ ಹಿಗ್ಗಿದ ನೀರಿಗೆ ಬೇರೆ ದಾರಿಯಿಲ್ಲ, ಸೇಫ್ಟಿ ವಾಲ್ವಿನಿಂದಲೇ ಬರಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಂತರೆ ವಾಲ್ವು ತನ್ನ ಕೆಲಸ ಮಾಡುತ್ತಿದೆ. ಹಗಲು ರಾತ್ರಿ ಸೋರಿದರೆ ವಾಲ್ವು ಹಾಳಾಗಿದೆ, ಇಲ್ಲವೇ ಊಡುವ ನೀರಿನ ಒತ್ತಡ ಹೆಚ್ಚಿದೆ. ಅದನ್ನು ಮುಚ್ಚಿದ್ದಾಗ ನೀರು ಬೇಕಾದಷ್ಟು ಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟೂ ಕೈಕೊಟ್ಟರೆ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕಾಯುತ್ತಲೇ ಹೋಗುತ್ತದೆ. ಟ್ಯಾಂಕು ಬಿರಿದ ಕ್ಷಣದಲ್ಲಿ ಆ ನೀರಿನ ಒಂದು ಪಾಲು ಆವಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ.

ಆದ್ದರಿಂದ ವಾಲ್ವಿನ ಬಾಯಿಗೆ ಒಂದು ಕೊಳವೆ ಸಿಕ್ಕಿಸಿ ಚರಂಡಿಯ ಕಡೆ ಇಳಿಬಿಡಿಸಿ, ಕೊನೆ ತೆರೆದೇ ಇರಲಿ. ಆ ಒಂದು ಮೀಟರ್ ಕೊಳವೆ ನನಗೆ ಕೊಟೇಶನ್ ಕೊಟ್ಟಾಗಲೇ ಸೇರಬೇಕಿತ್ತು.

ಥರ್ಮೋಸ್ಟಾಟನ್ನು ಎಷ್ಟಕ್ಕೆ ಇಡಬೇಕು ಅನ್ನುವುದೂ ಇಲ್ಲೇ ಬರುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಿಗೆ ಹರಡಿದ ನ್ಯುಮೋನಿಯಾದಿಂದ ಪತ್ತೆಯಾದ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟಲಿ. ಅದೇ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ತಣ್ಣೀರನ್ನು ತಾನೇ ಬೆರೆಸಿಕೊಡುವ ಮಿಕ್ಸಿಂಗ್ ವಾಲ್ವಿನ ಖರ್ಚನ್ನು ಪಟ್ಟಿಗೆ ಸೇರಿಸಿ. 75 ಡಿಗ್ರಿಗೆ ಇಡುವುದರಿಂದ ಲಾಭವಿಲ್ಲ, ಸುಣ್ಣ ಬೇಗ ಕಟ್ಟುತ್ತದೆ, ಶಾಖ ಹೆಚ್ಚು ಸೋರುತ್ತದೆ.

ಕೊಟೇಶನ್ ಬರಹದಲ್ಲಿ ಕೇಳಿ

"ಎಲ್ಲಾ ಸೇರಿ ಇಷ್ಟು" ಅನ್ನುವ ಬಾಯಿಮಾತು ಬೇಡ. ಕನಿಷ್ಠ ಮೂವರಿಂದ, ಮನೆ ನೋಡಿದ ಮೇಲೆ, ಐಟಂ ಐಟಂ ಆಗಿ ಬರೆಸಿಕೊಳ್ಳಿ. ನಾನು ಈಗ ಯಾರಿಗೆ ಸಲಹೆ ಕೊಟ್ಟರೂ ಈ ಪಟ್ಟಿ ಕೊಡುತ್ತೇನೆ:

- ಯಂತ್ರದ ಮಾದರಿ, ಟ್ಯಾಂಕಿಗೆ ಎಷ್ಟು ವರ್ಷ, ಕಾಯಿಲಿಗೆ ಎಷ್ಟು ವರ್ಷ ವಾರಂಟಿ
- ಹಳೆಯದನ್ನು ಬಿಚ್ಚಿ ಸಾಗಿಸುವುದು
- ಪೈಪು ಎಷ್ಟು ಮೀಟರ್, ಯಾವ ಬಗೆ, ಹೊದಿಕೆ ಸೇರಿದೆಯೇ
- ವಾಲ್ವುಗಳು, ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪಿನ ಜಾಯಿಂಟು), ಜೋಡಣೆಯ ಹೋಸು, ಸೇಫ್ಟಿ ವಾಲ್ವಿನ ಕೊಳವೆ
- ವೈರು, ಎಂಸಿಬಿ, ಆರ್‌ಸಿಸಿಬಿ. ಗ್ಯಾಸಾದರೆ ಹೊಗೆ ಕೊಳವೆ ಮತ್ತು ಸೋರಿಕೆ ಪರೀಕ್ಷೆ
- ಗೋಡೆ ಕೊರೆದ ಮೇಲೆ ಪ್ಲಾಸ್ಟರು, ಟೈಲ್ಸ್ ಯಾರ ತಲೆಗೆ
- ಕೂಲಿ, ತೆರಿಗೆ, ಅನುಮತಿಯ ಶುಲ್ಕ

ಜಗಳ ಹುಟ್ಟುವುದು ಪ್ಲಾಸ್ಟರು, ಟೈಲ್ಸಿನ ಸಾಲಿನಲ್ಲೇ. ಪ್ಲಂಬರು ಕೊರೆದು ಹೋಗುತ್ತಾರೆ, ಮುಚ್ಚುವುದು ತಮ್ಮ ಕೆಲಸವಲ್ಲ ಅನ್ನುತ್ತಾರೆ, ಅದು ಅವರ ದೃಷ್ಟಿಯಲ್ಲಿ ಸರಿಯೇ. ಮೊದಲೇ ಮಾತಾಡಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬರಹದಲ್ಲಿರಲಿ.

ಎರಡು ಯಂತ್ರಗಳ ನಡುವೆ ಆರಿಸುವುದು

ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ತೆಗೆದುಕೊಳ್ಳಿ, ಬೆಲೆ ಮತ್ತು ಫಿಟ್ಟಿಂಗ್ ಎರಡೂ ಸೇರಿಸಿ. ಅದನ್ನು ವರ್ಷಕ್ಕೆ ಉಳಿಯುವ ಹಣದಿಂದ ಭಾಗಿಸಿ. ಬರುವ ಅಂಕಿ, ಹೆಚ್ಚಿಗೆ ಕೊಟ್ಟದ್ದು ವಾಪಸ್ ಬರಲು ಹಿಡಿಯುವ ವರ್ಷಗಳು.

ನಾಲ್ಕು ಜನರ ಅದೇ ಮನೆಯಲ್ಲಿ ಮಾಮೂಲಿ ಟ್ಯಾಂಕು ದಿನಕ್ಕೆ 4.7 ಯೂನಿಟ್, ಹೀಟ್ ಪಂಪು ಅದರ ಮೂರರಲ್ಲಿ ಒಂದು, ಅಂದರೆ 1.6. ದಿನಕ್ಕೆ 3.1, ವರ್ಷಕ್ಕೆ 1,130 ಯೂನಿಟ್ ಉಳಿತಾಯ. ನಿಮ್ಮ ದರದಿಂದ ಗುಣಿಸಿ. ವಾಪಸ್ ಬರಲು ನಾಲ್ಕೈದು ವರ್ಷ ಸಾಕಾದರೆ ಯೋಚಿಸದೆ ತೆಗೆದುಕೊಳ್ಳಿ. ಹನ್ನೆರಡು ವರ್ಷ ಬೇಕೆಂದಾದರೆ ಯಂತ್ರದ ಆಯಸ್ಸೇ ಅಷ್ಟು, ಬಿಟ್ಟುಬಿಡಿ. ಒಬ್ಬರೇ ಇರುವ, ದಿನಕ್ಕೆ 40 ಲೀಟರ್ ಬಳಸುವ ಮನೆಗೆ ಸಣ್ಣ ಟ್ಯಾಂಕಿನ ಗೀಸರನ್ನು ಸೋಲಿಸುವುದು ಕಷ್ಟ. ಅಲ್ಲಿ ಉಳಿಸಲು ಯೂನಿಟ್ಟೇ ಹೆಚ್ಚಿಲ್ಲ. ಸೋಲಾರಿಗೂ ಇದೇ ಲೆಕ್ಕ, ಮೋಡದ ದಿನಗಳ ಕರೆಂಟನ್ನು ಕಳೆಯುವುದು ಮರೆಯಬೇಡಿ. ಸರ್ಕಾರದ ಸಹಾಯಧನ ಇದ್ದರೆ ಅದನ್ನು ಬೆಲೆಯಲ್ಲಿ ಕಳೆಯಿರಿ, ಆದರೆ ಕೈಗೆ ಬರುವುದು ಖಾತ್ರಿಯಾದ ಮೇಲೆ.

ಹಾಕಿಸುವ ದಿನ, ಆಮೇಲಿನ ವರ್ಷಗಳು

ಟ್ಯಾಂಕು ತುಂಬದೆ ಸ್ವಿಚ್ ಹಾಕಬೇಡಿ. ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿಯ ಗುಳುಗುಳು ನಿಂತು ನೀರು ಒಂದೇ ಸಮ ಬಂದ ಮೇಲೆ ಆನ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ, ಅದಕ್ಕೆ ವಾರಂಟಿ ಸಿಗುವುದಿಲ್ಲ. ಪೂರ್ತಿ ಕಾದು ಆಟೊ ಕಟ್ ಆದ ಮೇಲೆ ಎಲ್ಲ ಜಾಯಿಂಟುಗಳನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ತಣ್ಣಗಿದ್ದಾಗ ಸೋರದ ಜಾಯಿಂಟು ಬಿಸಿಯಾದಾಗ ಸೋರಬಹುದು. ಇದು ಮುಗಿಯುವವರೆಗೆ ಪೂರ್ತಿ ಹಣ ಕೊಡಬೇಡಿ.

ಒಳಗೆ ಗಾಜಿನ ಲೇಪವಿರುವ ಟ್ಯಾಂಕುಗಳಲ್ಲಿ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಆ ಕಡ್ಡಿ ಕರಗುತ್ತದೆ. ಅದು ಪೂರ್ತಿ ಸವೆದ ಮೇಲೆ ಸರದಿ ಟ್ಯಾಂಕಿನದು. ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚಿ ನೋಡಿಸಿ, ನೀರು ಗಡುಸಾಗಿದ್ದರೆ ಇನ್ನೂ ಬೇಗ. ಹೊಸ ಕಡ್ಡಿಯ ಬೆಲೆ ಹೊಸ ಟ್ಯಾಂಕಿನ ಬೆಲೆಯ ಮುಂದೆ ಏನೂ ಅಲ್ಲ. ನಮ್ಮದನ್ನು ಮೂರನೆಯ ವರ್ಷ ಬಿಚ್ಚಿದಾಗ ಹೆಬ್ಬೆರಳು ದಪ್ಪ ಇದ್ದದ್ದು ಪೆನ್ಸಿಲಿನಷ್ಟಾಗಿ, ಅಲ್ಲಲ್ಲಿ ಒಳಗಿನ ತಂತಿ ಕಾಣುತ್ತಿತ್ತು. ಅದೇ ಹೊತ್ತಿನಲ್ಲಿ ಕಾಯಿಲಿನ ಸುಣ್ಣ ತೆಗೆಸಿ, ಸೇಫ್ಟಿ ವಾಲ್ವಿನ ಪುಟ್ಟ ಹಿಡಿಯನ್ನು ಎತ್ತಿ ನೀರು ಚಿಮ್ಮುವುದನ್ನು ನೋಡಿ. ವರ್ಷದ ಖರ್ಚಿನಲ್ಲಿ ಈ ಸರ್ವಿಸ್‌ಗೆ ಒಂದು ಸಾಲು ಇಟ್ಟಿರಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಗೋಡೆಗೆ ಪ್ಲಾಸ್ಟರು ಬೀಳುವ ಮುಂಚೆ, ಪೈಪಿನ ಪಕ್ಕ ಅಳತೆ ಟೇಪು ಹಿಡಿದು ಫೋನಿನಲ್ಲಿ ಫೋಟೊ ತೆಗೆಯಿರಿ. ನಾಳೆ ಕನ್ನಡಿ ಹಾಕಲು ಮೊಳೆ ಹೊಡೆಯುವಾಗ, ಎಲ್ಲೋ ಒಂದು ಕಡೆ ತೇವ ಕಂಡು ಗೋಡೆ ಒಡೆಸುವಾಗ ಆ ಫೋಟೊ ಬೇಕಾಗುತ್ತದೆ. ಬಿಲ್ಲು, ವಾರಂಟಿ ಕಾರ್ಡು, ಕೊಟೇಶನ್ನಿನ ಹಾಳೆಯ ಜೊತೆಗೆ ಅದರ ಪ್ರಿಂಟನ್ನೂ ಒಂದೇ ಕವರಿನಲ್ಲಿ ಇಡಿ.